ಕೇತಮ್ಮ ಕೇಳಿದ ಪ್ರಶ್ನೆ

ನಮ್ಮೂರಿನ ಪುರಸಭೆಯ ಸಭಾಂಗಣಕ್ಕೆ ಒಂದೇ ಬಾಗಿಲು, ಮೂರು ಕಿಟಕಿ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಶುರುವಾಗುತ್ತಿದ್ದಂತೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಸಭೆ ಮುಗಿದ ಮೇಲೆ ಪತ್ರಕರ್ತರ ಕುರ್ಚಿಯಲ್ಲಿ ಕೂತವರು ಎದ್ದು ಒಂದು ಪ್ರಶ್ನೆ ಕೇಳಬೇಕು. ಅದಕ್ಕೆ ನಿಜವಾದ ಉತ್ತರ ಸಿಕ್ಕರೆ ಬಾಗಿಲು ತೆರೆಯುತ್ತದೆ, ಸಿಗದಿದ್ದರೆ ಇಲ್ಲ. ಕೇಳಿದವರೇ ‘ಪ್ರಶ್ನೆ ವಾಪಸ್’ ಎಂದರೂ ತೆರೆಯುತ್ತದೆ. ಬೀಗವಿಲ್ಲ, ಚಿಲಕವಿಲ್ಲ, ಆದರೆ ಎಷ್ಟು ಜನ ಸೇರಿ ನೂಕಿದರೂ ಕದ ಅಲುಗುವುದಿಲ್ಲ. ನನ್ನ ತಾತನ ಕಾಲದಲ್ಲೂ ಹೀಗೇ ಇತ್ತಂತೆ. ಹಾಗಾಗಿ ನಡುವಿನ ಕಿಟಕಿಗೆ ಎದುರಾಗಿ ಒಂದು ಹೋಟೆಲಿದೆ. ಅಲ್ಲಿನ ಇಡ್ಲಿ ಕಿಟಕಿಯ ಸರಳುಗಳ ನಡುವೆ ತೂರುವಷ್ಟೇ ದಪ್ಪ. ಸದಸ್ಯರ ಮನೆಯವರು ಮೊದಲೆಲ್ಲ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಆ ಹೋಟೆಲಿನಲ್ಲೇ ಇಟ್ಟಿರುತ್ತಿದ್ದರು. ಹಿಂದೆ ಒಬ್ಬ ಸದಸ್ಯರು ಮಗಳ ಮದುವೆಗೆ ಅಕ್ಷತೆ ಹಾಕಿದ್ದು ಕಿಟಕಿಯಿಂದಲೇ. ಗಂಡು-ಹೆಣ್ಣನ್ನು ಕರೆದುಕೊಂಡು ದಿಬ್ಬಣವೇ ಅಲ್ಲಿಗೆ ಬಂದು ನಿಂತಿತ್ತು.

ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ‘ಊರಬಾಗಿಲು’ ವಾರಪತ್ರಿಕೆಯಲ್ಲಿ ಮೊದಲು ವರದಿಗಾರ್ತಿ, ಆಮೇಲೆ ಸಂಪಾದಕಿ. ಹೆಸರು ನಾಗಲಾಂಬಿಕೆ, ಊರಿಗೆಲ್ಲ ನಾಗಲಕ್ಕ. ಮೊದಲ ಸಲದ್ದೊಂದನ್ನು ಬಿಟ್ಟರೆ ಅಷ್ಟೂ ವರ್ಷ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಮುಂದಿನ ಸಭೆ ಯಾವತ್ತು?’ ಅಧ್ಯಕ್ಷರು ‘ಬರೋ ಸೋಮವಾರ’ ಎನ್ನುತ್ತಿದ್ದರು. ಬಾಗಿಲು ತೆರೆಯುತ್ತಿತ್ತು. ಎಲ್ಲರೂ ಊಟದ ಹೊತ್ತಿಗೆ ಮನೆ ಸೇರುತ್ತಿದ್ದರು. “ನಾಗಲಕ್ಕ ಇರೋದಕ್ಕೆ ನಮ್ಮ ಯಜಮಾನ್ರು ಬಿಸಿ ಸಾರು ಕಾಣ್ತಾರೆ” ಎಂದು ಸದಸ್ಯರ ಹೆಂಡತಿಯರು ಹಬ್ಬ ಬಂದರೆ ನನಗೆ ಹೋಳಿಗೆ ಕಳಿಸುತ್ತಿದ್ದರು. ನಾನು ಇಸಿದುಕೊಂಡು ತಿನ್ನುತ್ತಿದ್ದೆ.

ಕೇತಮ್ಮ ನಮ್ಮ ಆಫೀಸಿಗೆ ಮೊದಲು ಬಂದದ್ದು ಜಗಳ ಮಾಡುವುದಕ್ಕೆ. ಊರಿನಿಂದ ಎರಡು ಹರಿದಾರಿ ದೂರದ ಸೀಗೆಬೆಟ್ಟದ ಬುಡಕಟ್ಟಿನ ಹಾಡಿಯ ಹುಡುಗಿ, ಇಪ್ಪತ್ತಮೂರು ವರ್ಷ, ಪಿಯುಸಿ ಪಾಸಾಗಿ ಹಾಡಿಯ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಕೈಯಲ್ಲಿ ನಮ್ಮ ಪತ್ರಿಕೆಯ ಹಿಂದಿನ ವಾರದ ಸಂಚಿಕೆ ಇತ್ತು. ಅದರ ಮೊದಲ ಪುಟದಲ್ಲಿ ಒಂದು ಚಿತ್ರ, ಕೆಳಗೆ ‘ಅಧ್ಯಕ್ಷರ ಆಗಮನಕ್ಕೆ ಕುಣಿದು ಕುಪ್ಪಳಿಸಿದ ಹಾಡಿಯ ಜನ’ ಎಂಬ ಸುದ್ದಿ.

“ಇದ ಬರ್ದೋರು ಯಾರು?” ಎಂದು ಕೇಳಿದಳು.

“ನಾನೇ” ಎಂದೆ.

“ನೀವು ಬಂದಿದ್ರಾ ಹಾಡಿಗೆ?”

ನಾನು ಹೋಗಿರಲಿಲ್ಲ. ಅಧ್ಯಕ್ಷರ ಕಡೆಯವರು ಕಳಿಸಿದ ಟಿಪ್ಪಣಿಯನ್ನು ತಿದ್ದಿ ಹಾಕಿದ್ದೆ.

“ಅವತ್ತು ನಮ್ಮಜ್ಜಿ ತೀರ್ಕಂಡಿದ್ರು ಅಕ್ಕ. ಹೆಣ ಎತ್ತುವಾಗ ನಾವು ಹಂಗೇ ಹೆಜ್ಜೆ ಹಾಕ್ಕಂಡು ಹೋಗದು. ಅಧ್ಯಕ್ಷರು ಕಾರಲ್ಲಿ ಬಂದ್ರು, ಫೋಟೋ ಹೊಡಿಸ್ಕಂಡು ಹೊಂಟೋದ್ರು. ನಾವು ಯಾರೂ ಕುಪ್ಪಳಿಸ್ನಿಲ್ಲ.”

ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಆ ಚಿತ್ರದ ಮೂಲೆಯಲ್ಲಿ ಅರ್ಧ ಮಾತ್ರ ಕಾಣುತ್ತಿದ್ದ ಚಟ್ಟವನ್ನು ಬೆರಳಿಟ್ಟು ತೋರಿಸಿದಳು. ಮೂವತ್ತು ಸಲ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾಗದ, ಪೆನ್ನು ಮುಂದಿಟ್ಟು, “ಏನು ನಡೀತೋ ನೀನೇ ಬರಿ, ಹಂಗೇ ಹಾಕ್ತೀನಿ” ಎಂದೆ. ಅವಳು ಆರು ಸಾಲು ಬರೆದಳು. ಅಜ್ಜಿಯ ಹೆಸರು, ವಯಸ್ಸು, ತೀರಿಕೊಂಡ ಹೊತ್ತು, ಕಾರು ಬಂದ ಹೊತ್ತು, ಕಾರು ಹೋದ ಹೊತ್ತು, ಕಾರಿನಲ್ಲಿ ಬಂದವರು ಏನನ್ನೂ ಕೇಳಲಿಲ್ಲ ಎಂಬುದು. ಒಂದು ಬೈಗುಳವಿಲ್ಲ, ಒಂದು ಹೆಚ್ಚಿನ ಮಾತಿಲ್ಲ. ಇಪ್ಪತ್ತು ವರ್ಷ ಸುದ್ದಿ ತಿದ್ದಿದ ನನಗೆ ಅದರಲ್ಲಿ ಒಂದು ಅಲ್ಪವಿರಾಮ ಬಿಟ್ಟರೆ ತಿದ್ದುವುದೇನೂ ಸಿಗಲಿಲ್ಲ. ಮುಂದಿನ ತಿಂಗಳಿನಿಂದ ಕೆಲಸಕ್ಕೆ ಬಾ ಎಂದು ಕರೆದೆ.

ಕರೆದದ್ದೇನೋ ಸರಿ, ಆದರೆ ಕೊಟ್ಟ ಕೆಲಸ ನೋಡಿ. ‘ಕಾಡಿನ ಮಾತು’ ಎಂಬ ಅಂಕಣ. ಹಾಡು, ಸೊಪ್ಪು, ಬೇರು, ಹಬ್ಬ ಇವುಗಳ ಬಗ್ಗೆ ಬರೆ ಎಂದೆ. ಎರಡು ತಿಂಗಳು ಚೆನ್ನಾಗಿಯೇ ಬರೆದಳು. ಓದುಗರ ಮೆಚ್ಚುಗೆಯ ಪತ್ರಗಳೂ ಬಂದವು. ಒಂದು ಗುರುವಾರ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಅಕ್ಕ, ಸೊಪ್ಪಿನ ವಿಸ್ಯ ಇನ್ನೂ ಹತ್ತು ವರ್ಸ ಬರೀಬೌದು, ಅಷ್ಟದೆ ನಂತಾವ. ಆದ್ರೆ ನಾನು ಪುರಸಭೆ ಬರೀಬೇಕು.”

“ಯಾಕೆ? ನಿನ್ನ ಅಂಕಣಕ್ಕೆ ಎಷ್ಟೊಂದು ಜನ...”

“ಆ ಸೊಪ್ಪು ಬೆಳೆಯೋ ಗುಡ್ಡ ಇರ್ಬೇಕೋ ಬ್ಯಾಡ್ವೋ ಅನ್ನೋದು ಅಲ್ಲಿ ತೀರ್ಮಾನ ಆಯ್ತದೆ. ಅಲ್ಲಿ ಕೂತು ಕೇಳಕ್ಕೆ ನಮ್ಮೋರು ಒಬ್ರೂ ಇಲ್ಲ.”

ಮರುದಿನದಿಂದ ಪಾಠ ಶುರುವಾಯಿತು. ಹಾಡಿಗೆ ಹೋಗುವ ಕಡೆಯ ಬಸ್ಸು ನಾಲ್ಕಕ್ಕೇ ಹೊರಟುಬಿಡುತ್ತಿತ್ತಾದ್ದರಿಂದ ಅವಳಿಗೆ ನಮ್ಮ ಮನೆಯ ಹಿಂದಿನ ಕೋಣೆ ಕೊಟ್ಟೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, “ಯಾರನ್ನೋ ಒಳಗೆ ಬಿಟ್ಕೊಂಡಿದ್ದೀರಂತೆ” ಎಂದಳು. “ಯಾರನ್ನೋ ಅಲ್ಲ, ನಮ್ಮ ವರದಿಗಾರ್ತಿನ” ಎಂದೆ. ನಡಾವಳಿ ಪುಸ್ತಕ ಓದುವುದು, ಠರಾವಿಗೂ ಸುತ್ತೋಲೆಗೂ ಇರುವ ವ್ಯತ್ಯಾಸ, ಅರ್ಜಿಯ ಬೆನ್ನಿಗೆ ಕಚೇರಿಯವರು ಬರೆದುಕೊಡುವ ಹಿಂಬರಹದಲ್ಲಿ ಯಾವ ಮಾತಿಗೆ ಏನು ಅರ್ಥ, ಸದಸ್ಯರು ‘ಪರಿಶೀಲಿಸಲಾಗುವುದು’ ಎಂದರೆ ಏನು, ‘ಶೀಘ್ರವಾಗಿ ಪರಿಶೀಲಿಸಲಾಗುವುದು’ ಎಂದರೆ ಏನು, ಎಲ್ಲವನ್ನೂ ಹೇಳಿಕೊಟ್ಟೆ. ಪುರಸಭೆಯ ಗುಮಾಸ್ತ ಅವಳಿಗೆ ಕಡತ ಕೊಡುತ್ತಿದ್ದ, ಕೂರಲು ಕುರ್ಚಿ ಕೊಡುತ್ತಿರಲಿಲ್ಲ. ಎರಡು ಮೂರು ತಾಸು ನಿಂತೇ ಓದಿ ಬರುತ್ತಿದ್ದಳು. ನನಗೆ ಸಿಟ್ಟು ಬಂದು ಹೇಳಿಬರುತ್ತೇನೆಂದು ಎದ್ದರೆ, “ಬುಡಿ ಅಕ್ಕ, ನಿಂತ್ಕಂಡು ಓದಿದ್ರೆ ನಿದ್ದೆ ಬರಕಿಲ್ಲ” ಎನ್ನುತ್ತಿದ್ದಳು. ವರ್ಷದೊಳಗೆ ಅವಳ ಬಟ್ಟೆಯ ಚೀಲದಲ್ಲಿ ಮೂರು ಕಾಗದದ ನಕಲುಗಳು ಸೇರಿದ್ದವು. ಒಂದು, ಮತದಾರರ ಪಟ್ಟಿ. ಅದರಲ್ಲಿ ಹಾಡಿಯ ಮುನ್ನೂರ ಹನ್ನೆರಡು ಜನ ಊರಿನ ಒಂದನೇ ವಾರ್ಡಿನವರು. ಎರಡು, ಕುಡಿಯುವ ನೀರಿನ ಪೈಪು ಕೊಡಿ ಎಂಬ ಅರ್ಜಿಗೆ ಬಂದ ಹಿಂಬರಹ: ‘ಸದರಿ ಹಾಡಿಯು ಪುರಸಭೆಯ ಸರಹದ್ದಿನ ಹೊರಗಿರುವ ಕಾರಣ ಅವಕಾಶವಿಲ್ಲ.’ ಮೂರು, ಸೀಗೆಬೆಟ್ಟದಲ್ಲಿ ಕಲ್ಲು ಕ್ವಾರಿ ತೆರೆಯಲು ಕೊಟ್ಟ ಅನುಮತಿ: ‘ಸದರಿ ಗುಡ್ಡವು ಪುರಸಭೆಯ ಸರಹದ್ದಿನ ಒಳಗಿರುವ ಕಾರಣ ಸಭೆಗೆ ಪೂರ್ಣ ಅಧಿಕಾರವಿರುತ್ತದೆ.’ ಕೊನೆಯ ಎರಡಕ್ಕೂ ಒಂದೇ ಮೊಹರು, ಒಬ್ಬರದೇ ಸಹಿ. ಅಧ್ಯಕ್ಷ ಮರಿಬಸಪ್ಪನವರದು.

ಕ್ವಾರಿ ಶುರುವಾಗಲು ಹದಿನೈದು ದಿನವಿದೆ ಎನ್ನುವಾಗ ನಾನು ನನ್ನ ಕುರ್ಚಿ ಬಿಟ್ಟುಕೊಟ್ಟೆ. ಮಂಡಿ ನೋವು ಎಂದು ಊರಿಗೆ ಹೇಳಿದೆ. ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕೆಂಬುದು ಪತ್ರಿಕೆಗೆ ಬಿಟ್ಟ ವಿಷಯ. ಕೂರುವವರು ಊರಿನವರಾಗಿರಬೇಕು, ಅಷ್ಟೇ ನಿಯಮ.

ಆ ಸೋಮವಾರ ಬಾಗಿಲವರೆಗೆ ಅವಳ ಜೊತೆ ಹೋದೆ. ಹಸಿರು ಸೀರೆ, ಹೆಗಲಿಗೆ ಆ ಬಟ್ಟೆಯ ಚೀಲ, ಬುತ್ತಿಗೆ ಬೇಯಿಸಿದ ಗೆಣಸು. ಮರಿಬಸಪ್ಪನವರು ಮೆಟ್ಟಿಲ ಮೇಲೆ ನಿಂತಿದ್ದರು. ಅವಳನ್ನು ನೋಡಿ ನನ್ನ ಕಡೆ ತಿರುಗಿ ನಕ್ಕರು.

“ಏನು ನಾಗಲಕ್ಕ, ಈಯಮ್ಮನ್ನ ಕೂರಿಸ್ತೀರಾ? ಊರಿನೋರು ಆಗಿರಬೇಕಲ್ಲ? ಇವರದ್ದು ಹಾಡಿ.”

ಕೇತಮ್ಮ ಚೀಲದಿಂದ ತನ್ನ ಗುರುತಿನ ಚೀಟಿ ತೆಗೆದು ಅವರ ಮುಂದೆ ಹಿಡಿದಳು. “ಒಂದನೇ ವಾರ್ಡು ಸಾರ್. ನಿಮ್ಮದೇ. ಎಲೆಕ್ಷನ್ನಲ್ಲಿ ಕೈ ಮುಗಿಯಕ್ಕೆ ಬಂದಿದ್ರಲ್ಲ.”

ಸುತ್ತ ನಿಂತಿದ್ದ ಸದಸ್ಯರು ನಕ್ಕುಬಿಟ್ಟರು. ಮರಿಬಸಪ್ಪನವರೂ ನಗಲೇಬೇಕಾಯಿತು. “ಆಯ್ತು, ಆಯ್ತು, ಹೋಗಮ್ಮ ಒಳಗೆ. ಮುಂದಿನ ಸಭೆ ಯಾವತ್ತು ಅಂತ ಕೇಳಿಬಿಡು, ಊಟಕ್ಕೆ ಹೋಗೋಣ” ಎಂದರು.

ಬಾಗಿಲು ಮುಚ್ಚಿಕೊಂಡಿತು. ನಾನು ಹೋಟೆಲಿನ ಮುಂದೆ, ನಡುವಿನ ಕಿಟಕಿಗೆ ಎದುರಾಗಿ ಕೂತೆ. ನೀರಿನ ಅರ್ಜಿಗೆ ಮತ್ತೆ ಯಾವಾಗ ಉತ್ತರ ಕೊಡುತ್ತೀರಿ ಎಂದು ಕೇಳುವುದೆಂದು ನಾವಿಬ್ಬರೂ ಹಿಂದಿನ ದಿನವೇ ಮಾತಾಡಿಕೊಂಡಿದ್ದೆವು. ಹಾಳೆಯ ಮೇಲೆ ನಾಲ್ಕು ಸಲ ಬರೆದು ತಿದ್ದಿದ್ದೆವು. ಸಭೆ ಮುಗಿಯುವಾಗ ಒಂದು ಗಂಟೆ ದಾಟಿತ್ತು. ಕೇತಮ್ಮ ಎದ್ದು ನಿಂತಳು. ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ಮಡಿಸಿ ಚೀಲಕ್ಕೆ ಹಾಕಿದಳು.

“ಅಧ್ಯಕ್ಷರೇ, ಬಾಗಿಲಲ್ಲಿ ನೀವೇ ಒಂದು ಮಾತು ಎತ್ತಿದ್ರಿ. ಅದನ್ನೇ ಕೇಳ್ತೀನಿ. ನಮ್ಮ ಹಾಡಿ ಊರಿನ ಒಳಗೈತೋ, ಹೊರಗೈತೋ?”

ಹೋಟೆಲಿನವನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ಕಿಟಕಿಯ ಕಡೆ ನೋಡಿದ. ಅದು ನನಗೆ ಹೊಳೆಯದೆ ಇದ್ದ ಪ್ರಶ್ನೆ. ಒಳಗೆ ಎಂದರೆ ನೀರು ಕೊಡಬೇಕು, ಶಾಲೆ ಕೊಡಬೇಕು. ಹೊರಗೆ ಎಂದರೆ ಕ್ವಾರಿ ಹೋಯಿತು, ಅದರ ಜೊತೆಗೆ ಹಾಡಿಯ ಮುನ್ನೂರ ಹನ್ನೆರಡು ಮತವೂ ಹೋಯಿತು. ಮರಿಬಸಪ್ಪನವರು ಗೆದ್ದಿದ್ದು ತೊಂಬತ್ತು ಮತದಿಂದ.

“ಭೌಗೋಳಿಕವಾಗಿ ಒಳಗೆ, ಆಡಳಿತದ ದೃಷ್ಟಿಯಿಂದ ಹೊರಗೆ” ಎಂದರು ಮರಿಬಸಪ್ಪನವರು. ಕದ ಅಲುಗಲಿಲ್ಲ. “ಈ ಬಗ್ಗೆ ಒಂದು ಸಮಿತಿ ಮಾಡ್ತೀವಿ” ಎಂದರು ಉಪಾಧ್ಯಕ್ಷರು. ಅಲುಗಲಿಲ್ಲ. “ಅಯ್ಯೋ, ಒಳಗೆ ಅಂತಾನೇ ಬರ್ಕೊಳಮ್ಮ, ಯಾರು ಬೇಡ ಅಂದೋರು!” ಎಂದು ಮರಿಬಸಪ್ಪನವರು ಪಕ್ಕದವರಿಗೆ ಕಣ್ಣು ಹೊಡೆದು ಹೇಳಿದರು. ಇಬ್ಬರು ಸದಸ್ಯರು ಆಸೆಯಿಂದ ಬಾಗಿಲಿನ ಹತ್ತಿರ ಹೋಗಿ ತಳ್ಳಿದರು. ಬಾಗಿಲು ಗೋಡೆಯ ಹಾಗೆ ನಿಂತಿತ್ತು.

ಮೂರು ಗಂಟೆಯ ಹೊತ್ತಿಗೆ ಊರಿಗೆ ಊರೇ ಕಿಟಕಿಗಳ ಮುಂದೆ ಸೇರಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಬಾಗಿಲು ಸಿಕ್ಕಿಕೊಂಡಿತ್ತಲ್ಲ, ಅಭ್ಯಾಸ ತಪ್ಪಿಹೋಗಿತ್ತು. ಯಾರ ಮಾತ್ರೆಯೂ ಹೋಟೆಲಿನಲ್ಲಿರಲಿಲ್ಲ. ಸದಸ್ಯರ ಮನೆಯವರು ಬಂದು, “ಏನವ್ವಾ, ನಿನಗೇನು ಬಂತು, ವಾಪಸ್ ತಗೋ” ಎಂದು ಸರಳುಗಳಾಚೆಯಿಂದ ಕೂಗಿದರು. ಒಬ್ಬಾಕೆ, “ಕಾಡಿಂದ ಬಂದೋಳಿಗೆ ಕುರ್ಚಿ ಕೊಟ್ರೆ ಇನ್ನೇನಾಗ್ತದೆ” ಎಂದಳು. ಕೇತಮ್ಮ ಆಕೆಯ ಕಡೆ ನೋಡಲೂ ಇಲ್ಲ. ಒಳಗಿದ್ದ ಹಿರಿಯ ಸದಸ್ಯ ದ್ಯಾವಣ್ಣನವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದೆ ಕೈ ನಡುಗುತ್ತಿತ್ತು. ಅವಳು ತನ್ನ ಬುತ್ತಿಯ ಗೆಣಸನ್ನು ಬಿಚ್ಚಿ ಅವರ ಮುಂದಿಟ್ಟಳು. “ತಿನ್ನಿ ತಾತ. ಪ್ರಶ್ನೆ ಬೇರೆ, ಹಸಿವು ಬೇರೆ” ಎಂದಳು. ಅವರು ಅವಳನ್ನೇ ನೋಡುತ್ತ ತಿಂದರು. ಆಮೇಲೆ ಅವಳು ಚೀಲದಿಂದ ಆ ಮೂರು ಕಾಗದ ತೆಗೆದು ಒಂದೊಂದಾಗಿ, ದಿನಾಂಕದ ಸಮೇತ, ಗಟ್ಟಿಯಾಗಿ ಓದಿದಳು. ಒಮ್ಮೆ ಒಳಗಿದ್ದವರಿಗೆ, ಇನ್ನೊಮ್ಮೆ ಕಿಟಕಿಯ ಕಡೆ ತಿರುಗಿ ಹೊರಗಿದ್ದವರಿಗೆ. ಕೂಗಾಟ ಸ್ವಲ್ಪ ತಗ್ಗಿತು.

ರಾತ್ರಿ ಹಾಗೇ ಕಳೆಯಿತು. ಬೆಳಿಗ್ಗೆ ಮರಿಬಸಪ್ಪನವರು ಕಿಟಕಿಗೆ ಬಂದು ನನ್ನನ್ನು ಕರೆದರು. ಕೂದಲು ಕೆದರಿತ್ತು, ದನಿ ಮೆತ್ತಗಾಗಿತ್ತು.

“ನಾಗಲಕ್ಕ, ನೀವು ಹೇಳಿದ್ರೆ ಕೇಳ್ತಾಳೆ. ನೀವೂ ಒಂದು ಸಲ ವಾಪಸ್ ತಗೊಂಡೋರೇ ಅಲ್ವಾ? ಏನಾಯ್ತು ನಿಮಗೆ? ಮರ್ಯಾದೆಯಿಂದ ಬಾಳಿದ್ರಿ. ಆ ಹುಡುಗಿಗೂ ಅಷ್ಟು ಬುದ್ಧಿ ಹೇಳಿ.”

ಜನರೆಲ್ಲ ನನ್ನ ಮುಖ ನೋಡಿದರು. ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಕೇತಮ್ಮ ಸರಳು ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

“ವಾಪಸ್ ತಗಳ್ಳಾ ಅಕ್ಕ?” ಎಂದು ಪಿಸುಗುಟ್ಟಿದಳು. “ಒಳಗಿರೋರು ಮುದುಕ್ರು. ನಂಗೆ ಪಾಪ ಅನ್ನಿಸ್ತದೆ.”

ನಾನು ಅವಳಿಗೆ ಒಂದು ವರ್ಷ ಎಲ್ಲವನ್ನೂ ಹೇಳಿಕೊಟ್ಟಿದ್ದೆ, ಇದೊಂದನ್ನು ಹೇಳಿರಲಿಲ್ಲ. ಅವತ್ತು ಎಲ್ಲರೆದುರು ಹೇಳಿದೆ. ನನ್ನ ಮೊದಲ ಸೋಮವಾರ ನಾನು ಕೇಳಿದ್ದು, ಮಲ್ಲಿಗೆ ಬೀದಿಯ ಬಾವಿಗೆ ಚರಂಡಿ ನೀರು ಬಿಟ್ಟವರು ಯಾರು ಎಂದು. ಆ ಬೀದಿಯಲ್ಲಿ ಹನ್ನೊಂದು ಜನ ವಾಂತಿಭೇದಿಗೆ ಬಿದ್ದಿದ್ದರು. ಬಾಗಿಲು ಮೂರು ದಿನ ತೆರೆಯಲಿಲ್ಲ. ಮೂರನೆಯ ದಿನ ನನ್ನ ಅತ್ತೆ ಜ್ವರ ಬಂದಿದ್ದ ನನ್ನ ಮಗಳನ್ನು ಎತ್ತಿಕೊಂಡು ಇದೇ ಕಿಟಕಿಗೆ ಬಂದರು. ‘ಪ್ರಶ್ನೆ ಬೇಕೋ, ಮಗು ಬೇಕೋ’ ಎಂದರು. ನಾನು ವಾಪಸ್ ತೆಗೆದುಕೊಂಡೆ. ಮಗಳಿಗೆ ಮಾರನೆಯ ದಿನವೇ ಜ್ವರ ಬಿಟ್ಟಿತು. ಆ ಬಾವಿಯನ್ನು ಮಣ್ಣು ಹಾಕಿ ಮುಚ್ಚಿದರು. ನೀರು ಬಿಟ್ಟವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

“ನಾನು ವಾಪಸ್ ತಗೊಂಡೆ ಕೇತಮ್ಮ, ಬಾಗಿಲು ತೆರೀತು, ಎಲ್ಲರೂ ಹೊರಗೆ ಬಂದ್ರು. ನಾನು ಮಾತ್ರ ಇನ್ನೂ ಬಂದಿಲ್ಲ” ಎಂದೆ. “ನಿಂಗೆ ಪಾಪ ಅನ್ನಿಸಿದ್ರೆ ತಗೋ, ತಪ್ಪಿಲ್ಲ. ಅವರು ಹೆದರಿಸ್ತಾರೆ ಅಂತ ಮಾತ್ರ ತಗೋಬೇಡ.”

ಅವಳು ಸರಳು ಬಿಟ್ಟು ಚೀಲ ಹೆಗಲಿಂದ ಇಳಿಸಿದಳು. ಆಮೇಲೆ, “ಮಾತ್ರೆ ಬೇಕಾದೋರ ಹೆಸ್ರು ಬರ್ಕೊಡ್ತೀನಿ. ತರಿಸ್ಕೊಡಿ ಅಕ್ಕ” ಎಂದು ಕಾಗದ ತೆಗೆದಳು. ಅಲ್ಲೇ ನಿಂತು ಹದಿನೇಳು ಸದಸ್ಯರನ್ನೂ ಕೇಳಿ ಕೇಳಿ ಪಟ್ಟಿ ಮಾಡಿದಳು. ಅರ್ಧ ಗಂಟೆಯಲ್ಲಿ ಎಲ್ಲ ಮಾತ್ರೆಗಳೂ ಕಿಟಕಿಗೆ ಬಂದವು. ಮರಿಬಸಪ್ಪನವರ ಬಿಪಿ ಮಾತ್ರೆಯನ್ನೂ ಅವಳೇ ಕೈಗಿಟ್ಟಳು.

ಹತ್ತು ಗಂಟೆಗೆ ಒಂದು ಜೀಪು ಬಂದು ನಿಂತಿತು. ಅದರಿಂದ ಇಳಿದದ್ದು ಹಾಡಿಯ ಯಜಮಾನ ಜಡೆಯಪ್ಪ, ಕೇತಮ್ಮನ ಸೋದರಮಾವ. ಅಧ್ಯಕ್ಷರ ತಮ್ಮನೇ ಹೋಗಿ ಕರೆತಂದಿದ್ದ. ನನ್ನನ್ನು ಸೋಲಿಸಿದ್ದೂ ಹೀಗೆಯೇ, ಮನೆಯವರನ್ನು ಕಿಟಕಿಗೆ ತಂದು. ಜಡೆಯಪ್ಪ ನೆಟ್ಟಗೆ ಹೋಗಿ ಸರಳು ಹಿಡಿದ.

“ಏನ್ ಕೂಸೇ ಇದು! ನಮ್ಮ ಹಾಡಿನ ಊರಿಂದ ತೆಗೆದಾಕಿ ಅಂತ ಕೇಳಿದ್ದೀಯಂತೆ! ಯಾರ ಮಾತು ಕೇಳ್ಕಂಡು ಹಿಂಗೆ ಮಾಡ್ದೆ? ವಾಪಸ್ ತಕ್ಕ, ನಡೀ ಮನೆಗೆ.”

“ಯಾರು ಮಾವ ಹಂಗಂದೋರು?”

“ಜೀಪಲ್ಲಿ ಹೇಳುದ್ರು.”

“ನಾನು ಕೇಳಿದ್ದು ಅದಲ್ಲ ಮಾವ. ನಮ್ಮ ಹಾಡಿ ಊರಿನ ಒಳಗೈತೋ ಹೊರಗೈತೋ ಹೇಳಿ ಅಂದೆ. ಓಟಿಗೆ ಒಳಗೆ ಅಂತಾರೆ, ನೀರಿಗೆ ಹೊರಗೆ ಅಂತಾರೆ. ಗುಡ್ಡ ಒಡಿಯಕ್ಕೆ ತಿರ್ಗಾ ಒಳಗೆ ಅಂತಾರೆ. ಯಾವ್ದಾದ್ರೂ ಒಂದು ಹೇಳಿ ಅಂದೆ, ಅಷ್ಟೇಯ.”

ಜಡೆಯಪ್ಪ ಸರಳು ಬಿಡದೆ ಅವಳನ್ನೇ ನೋಡಿದ. ನಿಧಾನವಾಗಿ ತಲೆ ತಿರುಗಿಸಿ ಜೀಪಿನ ಕಡೆ ನೋಡಿದ. ಅಧ್ಯಕ್ಷರ ತಮ್ಮ ಚಕ್ರದ ಗಾಳಿ ನೋಡುವವನಂತೆ ಬಗ್ಗಿದ.

“ಇಷ್ಟೇಯಾ?” ಎಂದ ಜಡೆಯಪ್ಪ. “ಇದನ್ನ ನಮ್ಮಪ್ಪ ಕೇಳ್ತಿದ್ದ. ನಾನು ನಲ್ವತ್ತು ವರ್ಸದಿಂದ ಕೇಳ್ತಿವ್ನಿ. ಆಪೀಸ್ನೋರು ನನ್ನ ಒಳೀಕೇ ಬುಡ್ತಿರ್ನಿಲ್ಲ.” ಹೆಗಲ ಮೇಲಿನ ಟವೆಲ್ಲು ತೆಗೆದು ನೆಲ ಒರೆಸಿ, ಕಿಟಕಿಯ ಕೆಳಗೇ ಚಕ್ಕಳಮಕ್ಕಳ ಹಾಕಿ ಕೂತ. “ನೀನು ನಿಂತ್ಕೊ ಕೂಸೇ. ನಾನು ಇಲ್ಲೇ ಕೂತಿರ್ತೀನಿ. ಉತ್ರ ಕೇಳ್ಕಂಡೇ ಹೋಗನ.”

ಹೊರಗಿದ್ದ ಜನ ಹೋ ಎಂದು ಕೂಗಿದರು. ಈ ಸಲ ಕೂಗು ಬೇರೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕೇಳಿ ಹಾಡಿಯ ಹೆಂಗಸರು ನಲವತ್ತು ಜನ ನಡೆದೇ ಬಂದರು. ಹೋಟೆಲಿನವನು ಅವರಿಗೆ ಬೆಂಚು ಹಾಕಿಸಿದ. ಮಲ್ಲಿಗೆ ಬೀದಿಯಿಂದಲೂ ಕೆಲವರು ಬಂದರು. ಅದರಲ್ಲೊಬ್ಬ ಮುದುಕಿ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು. ಹಿಂದಿನ ದಿನ ಬೈದಿದ್ದಾಕೆ ಜಡೆಯಪ್ಪನಿಗೆ ಚಹಾ ತಂದುಕೊಟ್ಟಳು.

ಒಳಗೆ ದ್ಯಾವಣ್ಣನವರು ಎದ್ದರು. ಆರು ಸಲ ಗೆದ್ದವರು, ಸಭೆಯಲ್ಲಿ ಮಾತಾಡಿದ್ದು ಕಡಿಮೆ.

“ಗುಮಾಸ್ತರೇ, ಆ ಬೀರು ತೆಗೀರಿ. ಮೇಲಿನ ಅರೆಯಲ್ಲಿ ಸರಹದ್ದಿನ ಹಳೇ ಪುಸ್ತಕ ಇರಬೇಕು.”

“ಅದು ಯಾಕೀಗ ದ್ಯಾವಣ್ಣ” ಎಂದರು ಮರಿಬಸಪ್ಪನವರು.

“ನಾನು ಮೂವತ್ತು ವರ್ಷದಿಂದ ಅದರ ಎದುರಿಗೇ ಕೂತಿದ್ದೀನಿ ಕಣಯ್ಯ, ಒಂದು ದಿನ ತೆಗೆದು ನೋಡ್ಲಿಲ್ಲ. ಕೇಳೋರಿರಲಿಲ್ಲ, ನಾನೂ ತೆಗೀಲಿಲ್ಲ. ಈಗ ಕೇಳಿದಾರೆ.”

ಪುಸ್ತಕ ಬಂತು. ಗುಮಾಸ್ತ ಧೂಳು ಕೊಡವಿ, ಕೇತಮ್ಮನಿಗೆ ಒಂದು ಕುರ್ಚಿ ಎಳೆದು ಹಾಕಿ, ಮೊದಲ ಪುಟ ಓದಿದ: ‘ಈ ಊರಿನ ಸರಹದ್ದು ಸೀಗೆಬೆಟ್ಟದ ಹಾಡಿಯ ಹಿಂದಣ ಹಳ್ಳದಿಂದ ಮೊದಲಾಗಿ...’ ಹೊರಗಿನವರ ಕೂಗಿನಲ್ಲಿ ಮುಂದಿನದು ಯಾರಿಗೂ ಕೇಳಿಸಲಿಲ್ಲ. ಊರು ಶುರುವಾಗುವುದೇ ಹಾಡಿಯಿಂದ!

“ಬರ್ಕೊಳ್ಳಿ” ಎಂದರು ದ್ಯಾವಣ್ಣನವರು. “ಹಾಡಿ ಒಳಗೆ. ಒಳಗೆ ಅಂದ್ರೆ ಪೈಪು, ಶಾಲೆ, ಹಾಡಿಗೇ ಒಂದು ವಾರ್ಡು. ಗುಡ್ಡ ಮುಟ್ಟೋಕೆ ಮುಂಚೆ ಅವರನ್ನ ಕೂರಿಸಿ ಕೇಳೋದು, ಅವರು ಬೇಡ ಅಂದ್ರೆ ಬೇಡ. ಒಪ್ಪಿಗೆ ಇರೋರು ಕೈ ಎತ್ತಿ.” ಅವರ ಕೈ ಮೊದಲು ಮೇಲೆದ್ದಿತು. ಆಮೇಲೆ ಒಂದು, ಎರಡು. ಕಿಟಕಿಯಾಚೆ ಜನ ಒಕ್ಕೊರಲಿನಿಂದ ಎಣಿಸತೊಡಗಿದರು. ಆರು, ಏಳು. ಎಂಟಕ್ಕೆ ಬಂದು ನಿಂತಿತು. ಹದಿನೇಳರಲ್ಲಿ ಎಂಟು. ಉಪಾಧ್ಯಕ್ಷರು ಮರಿಬಸಪ್ಪನವರ ಮುಖ ನೋಡಿದರು, ಕಿಟಕಿಯ ಆಚೆಯಿದ್ದ ತಮ್ಮ ಹೆಂಡತಿಯ ಮುಖ ನೋಡಿದರು, ಕಣ್ಣು ಮುಚ್ಚಿ ಕೈ ಎತ್ತಿದರು.

ನಡಾವಳಿ ಪುಸ್ತಕವನ್ನು ಮರಿಬಸಪ್ಪನವರ ಮುಂದೆ ಸರಿಸಿದರು. ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ಸಹಿ ಹಾಕಿ, ಯಾರ ಕಡೆಗೂ ನೋಡದೆ, “ಒಳಗೆ” ಎಂದರು.

ಎರಡೂ ಕದ ಗೋಡೆಗೆ ಬಡಿಯುವಂತೆ ತೆರೆದುಕೊಂಡವು.

ಹಾಡಿಯ ಹೆಂಗಸರು ಎದ್ದು ಹೆಜ್ಜೆ ಹಾಕಿದರು. ಈ ಸಲ ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೆ, ಅದು ಕುಣಿತವೇ. ಯಾರೋ ಹಾರ ತಂದರು. ಕೇತಮ್ಮ ಮೆಟ್ಟಿಲಿಳಿದು ಬಂದವಳು ಹಾರ ತೆಗೆದುಕೊಂಡು ದ್ಯಾವಣ್ಣನವರ ಕೊರಳಿಗೆ ಹಾಕಿ, “ದಾರಿ ಬಿಡ್ರಪ್ಪ, ಸುದ್ದಿ ಬರೀಬೇಕು, ನಾಳೆ ಪತ್ರಿಕೆ” ಎಂದು ನಡೆದೇ ಬಿಟ್ಟಳು. ನಾನು ಮಂಡಿ ನೋವು ಮರೆತು ಅವಳ ಹಿಂದೆ ಓಡಿದೆ. ಅವಳು ಬರೆದ ವರದಿಯಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಸಾಲು: ‘ಪ್ರಶ್ನೆ ಕೇಳಿದ ವರದಿಗಾರ್ತಿ ಅದೇ ಹಾಡಿಯವರಾಗಿದ್ದು, ಈ ವಿಷಯದಲ್ಲಿ ಅವರ ಹಿತವೂ ಸೇರಿದೆ ಎಂಬುದನ್ನು ಓದುಗರು ಗಮನಿಸಬೇಕು.’ ಆ ಸಾಲು ಬೇಡ ಎಂದೆ. ಇರಲಿ ಎಂದಳು. ಇತ್ತು.

ಹಾಡಿಗೆ ಪೈಪು ಹೋಯಿತು. ಶಾಲೆಯ ಗೋಡೆ ಎದ್ದಿತು. ಕ್ವಾರಿಗೆ ತಂದಿದ್ದ ಯಂತ್ರವನ್ನು ವಾಪಸ್ ಸಾಗಿಸಿದರು. ಹಾಡಿಯಿಂದ ಇನ್ನಿಬ್ಬರು ಹುಡುಗಿಯರು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದರು. ಈಗ ಅವರಿಗೆ ಠರಾವು, ಸುತ್ತೋಲೆ ಹೇಳಿಕೊಡುವುದು ಕೇತಮ್ಮ. ನಾನು ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ, ಕೆಲವು ನನಗೂ ಹೊಸದು. ಹೊಸ ವಾರ್ಡಿಗೆ ಚುನಾವಣೆ ನಡೆದು ಜಡೆಯಪ್ಪನೇ ಗೆದ್ದ.

ಅವನ ಮೊದಲ ಸಭೆಯ ದಿನ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಹೊಸ ಪಂಚೆ, ಹೊಸ ಶರ್ಟು ತೊಟ್ಟು ಹದಿನೆಂಟನೆಯ ಕುರ್ಚಿಯಲ್ಲಿ ಕೂತ ಜಡೆಯಪ್ಪ, ಸೋದರಸೊಸೆ ಪ್ರಶ್ನೆ ಕೇಳಲು ಎದ್ದಾಗ ಎಲ್ಲರ ಕಡೆ ನೋಡಿ ಹೆಮ್ಮೆಯಿಂದ ನಕ್ಕ.

“ಹೊಸ ಸದಸ್ಯರಿಗೆ ಪ್ರಶ್ನೆ” ಎಂದಳು ಕೇತಮ್ಮ. “ಹಾಡಿಗೆ ಹಾಕಿದ ಆರು ನಲ್ಲಿಯಲ್ಲಿ ಮೊದಲನೇದು ನಿಮ್ಮ ಮನೆ ಅಂಗಳದಲ್ಲಿ ಯಾಕೈತೆ?”

ಜಡೆಯಪ್ಪನ ನಗು ಹಾಗೇ ನಿಂತಿತು. ಮರಿಬಸಪ್ಪನವರು ಕುರ್ಚಿಗೆ ಒರಗಿ, ಬಹಳ ದಿನದ ಮೇಲೆ ನಿರಾಳವಾಗಿ ಕಾಲು ಚಾಚಿದರು.

“ತಪ್ಪಾಯ್ತು ಕೂಸೇ, ನಾಳೇನೇ ಕೀಳಿಸ್ತೀನಿ” ಎಂದ ಜಡೆಯಪ್ಪ. ಬಾಗಿಲು ಅಲುಗಲಿಲ್ಲ.

“ಕೀಳಿಸೋದು ಆಮ್ಯಾಕೆ. ಯಾಕೆ ಅಂತ ಕೇಳಿದ್ದು.”

ಅವನು ತಲೆ ಕೆರೆದುಕೊಂಡ. ಹದಿನೇಳು ಜನ ಅವನನ್ನೇ ನೋಡುತ್ತಿದ್ದರು. “ಅದೇನವ್ವ ಹೇಳನ” ಎಂದ. “ಕುರ್ಚಿ ಸಿಕ್ತಲ್ಲ, ಕೈ ತಾನಾಗೇ ಮನೆ ಕಡೀಕೆ ತಿರುಗ್ಕಂತು.”

ಅವನ ಮಾತು ಮುಗಿಯುವ ಮೊದಲೇ ಬಾಗಿಲು ತೆರೆದಿತ್ತು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಜಡೆಯಪ್ಪನೂ ನಕ್ಕ. ಕೇತಮ್ಮ ಮಾತ್ರ ನಗಲಿಲ್ಲ. ಅವಳು ತಲೆ ಬಗ್ಗಿಸಿ, ಅವನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು.